ಬಿ ಫಾರ್ ಪೆಲ್ಟು

ಸುಂಡಿಲಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂಬ ಪ್ರಶ್ನೆಗೆ ಕಿನ್ನಿಗೋಳಿಯ ಶಾಲೆಯಲ್ಲಿ ಅಲೋಶಿಯಸ್ ಎದ್ದು ನಿಂತು ‘ಮಸ್ಕ್ ರ‍್ಯಾಟ್’ ಎಂದಿದ್ದ. ಸಿಸ್ಟರು ಶಹಭಾಸ್ ಹೇಳಿ ಕೂರಿಸಿದ್ದರು. ತಪ್ಪು ಉತ್ತರಕ್ಕೆ ಅಂದು ತಪ್ಪಿದ ಪೆಟ್ಟು ಇಷ್ಟು ವರ್ಷ ತಾಳ್ಮೆಯಿಂದ ಕಾದು, ಅರಬ್ಬಿ ಸಮುದ್ರ ದಾಟಿ, ಒಮಾನಿನಲ್ಲಿ ಬಂದು ತಗುಲೀತೆಂದು ಪಾಪ ಅವನಿಗೂ ಗೊತ್ತಿರಲಿಲ್ಲ, ಸಿಸ್ಟರಿಗೂ ಗೊತ್ತಿರಲಿಲ್ಲ.

ಮಸ್ಕತ್ತಿನ ಘಾಲಾ ಬಡಾವಣೆಯ ಗ್ಯಾರೇಜುಗಳ ಹಿಂದಿನ ಸಾಲಿನಲ್ಲಿ ಒಂದು ಅತ್ತರು ಕಂಪೆನಿಯ ಗೋದಾಮು ಇದೆ. ಅಲೋಶಿಯಸ್ ಅಲ್ಲಿಯ ಸ್ಟೋರ್ ಕೀಪರ್. ಬಲಕ್ಕೆ ಊದು, ಎಡಕ್ಕೆ ಗುಲಾಬಿ, ತಲೆಯ ಮೇಲೆ ಅಂಬರು. ಕಾಲಬುಡದಲ್ಲಿ ಒಂದು ಸುಂಡಿಲಿ. ಆ ಪ್ರಾಣಿ ಗೋಡೆಯಂಚಿನಲ್ಲಿ ‘ಚಿಕ್ ಚಿಕ್’ ಎನ್ನುತ್ತ ಒಮ್ಮೆ ಓಡಿತೆಂದರೆ ಇಡೀ ಅರೇಬಿಯಾದ ಪರಿಮಳ ಸೋತು ಮೂಲೆ ಸೇರುತ್ತಿತ್ತು. ಅದರ ವಾಸನೆ ಗೋಡೆಗಿಂತ ಗಟ್ಟಿಯಾಗಿ ಅಂಟಿಕೊಂಡದ್ದು ಅಲೋಶಿಯಸನಿಗೆ. ಸಂಜೆ ಅಲ್ ಮವಾಲೇಹಿನ ಮನೆಗೆ ಬಂದರೆ ಹೆಂಡತಿ ರೋಸಲಿಂಡ್ ಬಾಗಿಲನ್ನು ತನ್ನ ಮೂಗಿನಷ್ಟೇ ಅಗಲ ತೆರೆದು, “ಅಂಗಿ ಹೊರಗೇ ಬಿಚ್ಚು” ಎನ್ನುವಳು. ಕಾರಿಡಾರಿನಲ್ಲಿ ಬನಿಯನ್ ತೊಟ್ಟು ಕ್ಷಮಾಪಣೆ ಕೇಳುವ ಮುಖದಲ್ಲಿ ನಿಂತ ಅಲೋಶಿಯಸನನ್ನು ನೋಡದ ನೆರೆಯವರು ಆ ಕಟ್ಟಡದಲ್ಲಿ ಇರಲಿಲ್ಲ.

ಅದಕ್ಕೇ ಅವನ ಕಣ್ಣು ಕಂಪೆನಿಯ ಶೋರೂಮಿನ ಮೇಲೆ. ಅದು ಅವನ ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಎಸಿ, ಗಾಜಿನ ಕಪಾಟು, ತಿರುಗುವ ಕುರ್ಚಿ. ಆ ಕುರ್ಚಿಯಲ್ಲಿ ತಿರುಗುತ್ತಿದ್ದ ಕುಂಞಾಲಿ ಈ ವಾರ ಕೆಲಸ ಬಿಟ್ಟು ಊರಿಗೇ ತಿರುಗುವವನಿದ್ದ. ಅವನ ಜಾಗ ತನಗೆ ಸಿಗಬೇಕೆಂದು ಅಲೋಶಿಯಸ್ ಅರ್ಬಾಬನಿಗೆ, ಅಂದರೆ ಒಡೆಯ ಖಲ್ಫಾನರಿಗೆ, ಮಸ್ಕಾ ಹೊಡೆಯತೊಡಗಿ ತಿಂಗಳುಗಳಾಗಿದ್ದವು. ಮಸ್ಕತ್ತಿನ ಸೆಕೆಗೆ ಮಸ್ಕಾ ಬೇಗ ಕರಗುತ್ತದೆ. ಖಲ್ಫಾನ್ ಮಾತ್ರ ಕರಗಿರಲಿಲ್ಲ.

ಬುಧವಾರ ಸಂಜೆ ಅವನು ಅರ್ಬಾಬನಿಗೆ ಒಂದು ಮೆಸೇಜು ಕಳುಹಿಸಿದ: ‘ಸರ್, ಸ್ಟೋರಿನಲ್ಲಿ ಮಸ್ಕ್ ರ‍್ಯಾಟ್ ಇದೆ, ದಯವಿಟ್ಟು ಏನಾದರೂ ಮಾಡಿ.’

ಗುರುವಾರ ಬೆಳಿಗ್ಗೆ ಹೊಸ ಕಾರ್ಟನುಗಳು ಬಂದಿದ್ದವು. ಹೆಸರು ಅಂಟಿಸದ ಹೊಸ ಅತ್ತರಿನ ಬಾಟಲಿಗಳು, ಒಂದು ಕಟ್ಟು ನೀಲಿ ಮಖಮಲ್ಲಿನ ಪಟ್ಟಿಗಳು, ಒಂದಷ್ಟು ಹಿತ್ತಾಳೆಯ ತಟ್ಟೆಗಳು. ಹೊಸ ಅತ್ತರಿನ ಹೆಸರೇನು ಎಂದು ಮೊನ್ನೆ ಕೇಳಿದ್ದಕ್ಕೆ ಖಲ್ಫಾನ್ ಕಣ್ಣು ಮಿಟುಕಿಸಿ “ಸರ್‌ಬ್ರೈಸ್!” ಎಂದಿದ್ದರು. ಅಲೋಶಿಯಸ್ ಕಾರ್ಟನುಗಳನ್ನು ಬದಿಗೆ ತಳ್ಳುತ್ತಿದ್ದಾಗ ಫೋನು ಟಿಣ್ ಎಂದಿತು. ಅರ್ಬಾಬನ ವಾಯ್ಸ್ ಮೆಸೇಜು. ಹೆದ್ದಾರಿಯಲ್ಲಿ ಕಿಟಕಿ ಇಳಿಸಿಕೊಂಡು ಮಾತಾಡಿದ್ದರೆಂದು ಕಾಣುತ್ತದೆ. ಅರ್ಧ ಗಾಳಿ, ಅರ್ಧ ಹಾರ್ನು, ಉಳಿದ ಜಾಗದಲ್ಲಿ ಖಲ್ಫಾನ್.

“ಯಾ ಅಲೋಸ್! ಶಾಮ್ ಕೋ ಬುರೈಮಿ ಸೇ ಗೆಸ್ಟ್ ಆತಾ ಹೈ. ಬಹುತ್ ಬಿಗ್ ಗೆಸ್ಟ್. ಮಸ್ಕ್… ರ‍್ಯಾಟ್…” ಇಲ್ಲಿ ಒಂದು ಲಾರಿ ಹಾದುಹೋಯಿತು. “…ಟ್ರ್ಯಾಬ್ ಕರೋ. ಬೆಲ್ಟ್ ಅಚ್ಛಾ ಸೇ ಲಗಾವೋ. ಡ್ರೈ ಮೇಂ ರಖೋ. ಗೆಸ್ಟ್ ಹ್ಯಾಬಿ, ತುಮ್ ಶೋರೂಮ್! ಖಲಾಸ್. ಯಲ್ಲಾ!”

‘ತುಮ್ ಶೋರೂಮ್’ ಎಂಬುದು ಅಲೋಶಿಯಸನಿಗೆ ಮಾತ್ರ ಗಾಳಿಯಿಲ್ಲದೆ, ಹಾರ್ನಿಲ್ಲದೆ, ಗುಡಿ ಗಂಟೆಯಷ್ಟು ಸ್ಪಷ್ಟವಾಗಿ ಕೇಳಿಸಿತು. ಆದರೆ ಉಳಿದದ್ದು? ಮಸ್ಕ್ ರ‍್ಯಾಟ್ ಸರಿ, ಅದು ತಾನೇ ಬರೆದದ್ದು. ಟ್ರ್ಯಾಪ್ ಮಾಡುವುದೂ ಸರಿ. ಈ ಬೆಲ್ಟ್ ಎಲ್ಲಿಂದ ಬಂತು? ಸುಂಡಿಲಿಗೆ ಬೆಲ್ಟು ಕಟ್ಟಲು ಅದೇನು ಪೊಲೀಸ್ ಇಲಾಖೆಯಲ್ಲಿದೆಯೇ?

ಇಲ್ಲಿ ಅಲೋಶಿಯಸನ ವಿದ್ಯೆ ಕೆಲಸಕ್ಕೆ ಬಂತು. ಅರಬ್ಬಿಯಲ್ಲಿ ‘ಪ’ ಇಲ್ಲ. ಖಲ್ಫಾನರ ಬಾಯಿಗೆ ಬಂದರೆ ಪಾರ್ಕಿಂಗ್ ಬಾರ್ಕಿಂಗ್ ಆಗುತ್ತದೆ, ಪ್ರಾಬ್ಲಂ ಬ್ರಾಬ್ಲಂ ಆಗುತ್ತದೆ. ಒಮ್ಮೆ ಅವರು “ಬೇಬರ್!” ಎಂದು ಕೂಗಿದಾಗ, ಮೂಡುಬಿದಿರೆಯಿಂದ ಹೊಸದಾಗಿ ಬಂದ ಡ್ರೈವರ್ ಅದನ್ನು ‘ಬೇವರ್ಸಿ’ ಎಂದು ತಿಳಿದು ಗಾಡಿಯ ಕೀಲಿ ಮೇಜಿನ ಮೇಲಿಟ್ಟು ಹೊರಟೇಬಿಟ್ಟಿದ್ದ. ಪೇಪರ್ ಕೇಳಿದ್ದು ಮಾರಾಯ ಎಂದು ಅವನನ್ನು ಗೇಟಿನಿಂದ ವಾಪಸು ಕರೆತಂದವನು ಅಲೋಶಿಯಸ್. ಅಂದಿನಿಂದ ಅವನು ಕಂಪೆನಿಯ ಅಧಿಕೃತವಲ್ಲದ ದುಭಾಷಿ. ಅರ್ಬಾಬನ ಯಾವ ಬಕಾರವನ್ನೂ ಎತ್ತಿ ಪಕಾರದ ಸ್ಥಾನದಲ್ಲಿ ಕೂರಿಸಬಲ್ಲವನು.

“ಬೆಲ್ಟ್ ಅಲ್ಲ,” ಎಂದು ಅವನು ಕಾರ್ಟನುಗಳಿಗೆ ಹೇಳಿದ. “ಪೆಲ್ಟ್!”

ಪೆಲ್ಟ್ ಎಂದರೆ ಏನೆಂದು ಫೋನಿನಲ್ಲಿ ಹುಡುಕಿದ. ರೋಮವಿರುವ ತೊಗಲು. ಜೊತೆಗೆ ಮಸ್ಕ್ ರ‍್ಯಾಟ್ ಎಂದು ಹಾಕಿದ. ಜೌಗು ಕೆರೆಯೊಂದರ ದಂಡೆಯಲ್ಲಿ ನಿಂತ ಗಡ್ಡದ ಅಜ್ಜನೊಬ್ಬ ವೀಡಿಯೋದಲ್ಲಿ ಪ್ರತ್ಯಕ್ಷನಾದ. ಅವನು ಮಸ್ಕ್ ರ‍್ಯಾಟ್ ಹಿಡಿಯುತ್ತಾನೆ, ಸುಲಿಯುತ್ತಾನೆ, ಹಲಗೆಗೆ ತೊಡಿಸಿ ಒಣಗಿಸುತ್ತಾನೆ. ಟ್ರ್ಯಾಪ್, ಪೆಲ್ಟ್, ಡ್ರೈ! ಅರ್ಬಾಬ್ ಹೇಳಿದ ಮೂರೂ ಮಾತು ಅಜ್ಜನ ಬಾಯಲ್ಲೂ ಅದೇ ಕ್ರಮದಲ್ಲಿ ಬಂದವು. ಅತ್ತರಿನ ವ್ಯಾಪಾರಿಗೆ ‘ಮಸ್ಕ್’ ಎಂಬ ಪದ ಕಣ್ಣಿಗೆ ಬಿದ್ದರೆ ಬಿಡುತ್ತಾನೆಯೇ? ಬುರೈಮಿಯ ಗಿರಾಕಿಗೆ ಒಣಗಿಸಿದ ಕಸ್ತೂರಿ ತೊಗಲು ತೋರಿಸಬೇಕೆಂದಿದೆ ಅವರಿಗೆ. “ದೇವರೇ,” ಎಂದುಕೊಂಡ ಅಲೋಶಿಯಸ್, “ಇಷ್ಟು ದಿನ ಕಸ್ತೂರಿಗೇ ಕಸಬರಿಗೆಯಲ್ಲಿ ಹೊಡೆದೆನಲ್ಲ!”

ಅರ್ಬಾಬನಿಗೆ ಮರಳಿ ಫೋನು ಮಾಡಿ ಕೇಳಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದುಭಾಷಿಯೆಂದು ಹೆಸರಾದವನು ಅರ್ಥವಾಗಲಿಲ್ಲ ಎಂದು ಹೇಳುವುದು ಹೇಗೆ? ಅವನು ಫೋನು ಮಾಡಿದ್ದು ಉಮ್ಮರಾಕನಿಗೆ.

ಉಮ್ಮರಾಕ ಮವಾಲೇಹ್ ಮಾರ್ಕೆಟಿನ ತರಕಾರಿ ವ್ಯಾಪಾರಿ, ಹೆಂಡತಿ ಆಯಿಶತ್‌ಳೊಂದಿಗೆ ಅಲೋಶಿಯಸನ ಪಕ್ಕದ ಮನೆಯಲ್ಲಿರುವವರು. ಅವರಿಗೆ ತಿಳಿಯದ ವಿಷಯ ಪ್ರಪಂಚದಲ್ಲಿ ಇದ್ದಿರಬಹುದು; ಅದನ್ನು ಒಪ್ಪಿಕೊಂಡ ದಾಖಲೆ ಇಲ್ಲ. ಪಿಕಪ್ಪಿನಲ್ಲಿ ಬದನೆ ಚೀಲದ ಮಧ್ಯೆ ಒಂದು ಇಲಿಬೋನು ಇಟ್ಟುಕೊಂಡು ಅವರು ಬಂದಿಳಿದರು.

“ಬೋನು ತಂದಿದ್ದೇನೆ. ನಿನಗೆ ಬೋನಸ್ ಸಿಕ್ಕಿದರೆ ನನಗೊಂದು ಬಾಟ್ಲಿ ಊದು. ಈಗಲೇ ಹೇಳಿದ್ದೇನೆ, ಆಮೇಲೆ ಮರೆತುಹೋಯ್ತು ಹೇಳಬೇಡ.”

“ಆಯ್ತು ಉಮ್ಮರಾಕ. ಒಳಗೆ ಎಂತ ಇಡುವುದು? ತೆಂಗಿನ ತುಂಡು?”

“ತೆಂಗು ತಿನ್ನಲಿಕ್ಕೆ ಅದೇನು ಇಲಿಯಾ? ಸುಂಡಿಲಿ ನಾನ್‌ವೆಜ್ ಮಾರಾಯ. ನಿನ್ನ ಟಿಫಿನ್ ತೆಗಿ.”

ಟಿಫಿನಿನಲ್ಲಿ ರೋಸಲಿಂಡ್ ಮಾಡಿದ ಒಣ ಸಿಗಡಿ ಚಟ್ನಿ ಇತ್ತು. ಒಂದು ಚಿಟಿಕೆ ಬೋನಿನ ಕೊಕ್ಕೆಗೆ ಹೋಯಿತು. ಉಳಿದದ್ದು, ಪರೀಕ್ಷಿಸುವ ನೆಪದಲ್ಲಿ, ಉಮ್ಮರಾಕನ ಬಾಯಿಗೆ ಹೋಯಿತು. ಇಬ್ಬರೂ ಕಾರ್ಟನುಗಳ ಹಿಂದೆ ಕುಕ್ಕರಗಾಲಲ್ಲಿ ಕೂತರು. ಸುಂಡಿಲಿ ಬಂತು. ಮೊದಲು ಅದರ ಮೂಗು ಬಂತು. ಮೂಗಿನ ಹಿಂದೆ ಸ್ವಲ್ಪ ಹೊತ್ತಿನ ನಂತರ ಮೈ ಬಂತು. ‘ಟಪ್’ ಎಂದು ಬಾಗಿಲು ಬಿತ್ತು. ಬೋನಿನೊಳಗಿಂದ ‘ಚಿಕ್’ ಎಂಬ ಸದ್ದೂ ಒಂದು ವಾಸನೆಯೂ ಒಟ್ಟಿಗೆ ಹೊರಟವು. ಸದ್ದು ಬೇಗ ನಿಂತಿತು.

ಉಮ್ಮರಾಕ ಮೂಗು ಹಿಡಿದುಕೊಂಡೇ ಒಳಗೆ ಇಣುಕಿದರು. “ಅಲೋಶಿಯಾ, ನೀನು ತೋರಿಸಿದ ವೀಡಿಯೋದ ಪ್ರಾಣಿ ಹೆಗ್ಗಣದ ಅಪ್ಪನ ಹಾಗೆ ಉಂಟು. ಇದು ನೋಡು. ಇದರ ತೊಗಲಲ್ಲಿ ಹೆಬ್ಬೆರಳಿಗೆ ಒಂದು ಟೊಪ್ಪಿ ಹೊಲಿಸಬಹುದು, ಅದೂ ಬಿಗಿಯಾಗ್ತದೆ.”

“ಮತ್ತೆ ಇದನ್ನು ಸುಲಿಯುವುದು ಯಾರು?”

“ನಾನು ಬಕ್ರೀದಿಗೆ ಕುರಿ ಸುಲಿದವ. ಸುಂಡಿಲಿಗೆ ಚೂರಿ ಮುಟ್ಟಿಸಿದೆ ಅಂತ ಆಯಿಶತ್‌ಗೆ ಗೊತ್ತಾದರೆ ಆಮೇಲೆ ಸುಲಿಯುವುದು ನನ್ನನ್ನು. ನೀನೇ ಮಾಡು.”

ಅಲೋಶಿಯಸ್ ಬೋನಿನತ್ತ ಬಗ್ಗಿದ. ಸುಂಡಿಲಿ ತನ್ನ ಗುಂಡುಸೂಜಿ ತಲೆಯಂಥ ಕಣ್ಣುಗಳಿಂದ ಅವನನ್ನು ನೋಡಿತು. ಜಿರಳೆ ಕಂಡರೆ ಅದಕ್ಕೆ ದಾರಿ ಬಿಟ್ಟು ನಿಲ್ಲುವ ಮನುಷ್ಯ ಅವನು. “ಉಮ್ಮರಾಕ,” ಎಂದ ಸಣ್ಣ ಸ್ವರದಲ್ಲಿ, “ಬೇರೆ ಎಂತದಾದರೂ ಸುಲಿಯುವ.”

ಹಾಗೆ ಹೇಳಿದ ಮರುಗಳಿಗೆಯಲ್ಲಿ ಅವನಿಗೆ ಹೆಂಡತಿಯ ಮಂಚದ ಬುಡ ನೆನಪಾಯಿತು.

ರೋಸಲಿಂಡಳ ಅಕ್ಕ ಜೋಸ್ಲಿನ್ ಕೆನಡಾದಲ್ಲಿ ನರ್ಸು. ಮೈನಸ್ ಮೂವತ್ತರ ಊರಿನಲ್ಲಿರುವ ಅಕ್ಕ, ಪ್ಲಸ್ ನಲ್ವತ್ತರ ಊರಿನಲ್ಲಿರುವ ತಂಗಿಗೆ ಪ್ರೀತಿಯಿಂದ ಕಳುಹಿಸಿದ್ದು ಒಂದು ಜೊತೆ ರೋಮದ ಚಪ್ಪಲಿ. ಕಂದು ಬಣ್ಣ, ನುಣ್ಣಗಿನ ಕೂದಲು, ಕಣಕಾಲಿನವರೆಗೆ ಬರುವ ದೊಗಳೆ ಆಕಾರ. ಮನೆಯ ಎಸಿಯನ್ನು ಹದಿನಾರಕ್ಕೆ ಇಳಿಸಿ, ಅದನ್ನು ತೊಟ್ಟು ರೋಸಲಿಂಡ್ ಹಾಲಿನಲ್ಲಿ ನಡೆದಾಡುವಾಗ ಎರಡು ಬೆಕ್ಕುಗಳ ಮೇಲೆ ಒಬ್ಬ ರಾಣಿ ಸವಾರಿ ಹೋದಂತೆ ಕಾಣುತ್ತಿತ್ತು. “ಇದು ಒರಿಜಿನಲ್” ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಯಾವುದರ ಒರಿಜಿನಲ್ ಎಂದು ಯಾರೂ ಕೇಳಿರಲಿಲ್ಲ.

ಮಧ್ಯಾಹ್ನದ ಬಿಡುವಿಗೆ ಘಾಲಾದ ಶಟರುಗಳು ಇಳಿದವು. ಉಮ್ಮರಾಕನ ಪಿಕಪ್ಪಿನಲ್ಲಿ ಬದನೆಯ ಜೊತೆ ಸುಂಡಿಲಿಯೂ, ಸುಂಡಿಲಿಯ ಜೊತೆ ಅಲೋಶಿಯಸನೂ ಮವಾಲೇಹಿಗೆ ಬಂದರು. ಹೆಸರಿಲ್ಲದ ಕಾರ್ಟನಿನಿಂದ ಒಂದು ನೀಲಿ ಪಟ್ಟಿಯನ್ನೂ ಒಂದು ಹಿತ್ತಾಳೆ ತಟ್ಟೆಯನ್ನೂ ಅವನು ಜೊತೆಗೆ ತಂದಿದ್ದ. ತೊಗಲನ್ನು ಹಲಗೆಗೆ ಕಟ್ಟಲು ಏನಾದರೂ ಬೇಕಲ್ಲ, ಗಿರಾಕಿಗೆ ತೋರಿಸುವಾಗ ಸ್ವಲ್ಪ ಅಂದವೂ ಬೇಕಲ್ಲ.

ರೋಸಲಿಂಡ್ ಊಟ ಮುಗಿಸಿ ಮಲಗಿದ್ದಳು. ಅಲೋಶಿಯಸ್ ತನ್ನ ಸ್ವಂತ ಬೆಡ್‌ರೂಮಿಗೆ ಕಳ್ಳನಂತೆ ನುಗ್ಗಿ, ಮಂಚದ ಬುಡಕ್ಕೆ ಕೈ ಚಾಚಿ, ಒಂದು ಚಪ್ಪಲಿಯನ್ನು ಎಳೆದ.

“ಅಲೋಶಿ?” ಎಂದಳು ಅವಳು ಕಣ್ಣು ಮುಚ್ಚಿಕೊಂಡೇ. “ಎಂತ ವಾಸನೆ ಇದು?”

“ಕನಸು. ಮಲಗು.”

ಹಿಂಬದಿಯ ಬಾಲ್ಕನಿಯಲ್ಲಿ ಕೆಲಸ ಶುರುವಾಯಿತು. ಫೋನನ್ನು ಬಕೆಟಿಗೆ ಒರಗಿಸಿದರು. ಗಡ್ಡದ ಅಜ್ಜ ಪಾಠ ಆರಂಭಿಸಿದ.

“ಹಿಮ್ಮಡಿಯಿಂದ ಹಿಮ್ಮಡಿಗೆ ಒಂದೇ ಗೀಟು ಕೊಯ್ಯಬೇಕಂತೆ,” ಎಂದು ಅಲೋಶಿಯಸ್ ಅನುವಾದಿಸಿದ.

ಉಮ್ಮರಾಕ ಚಪ್ಪಲಿಯನ್ನು ಮೇಲೆ ಕೆಳಗೆ ನೋಡಿದರು. “ಇದಕ್ಕೆ ಒಂದೇ ಹಿಮ್ಮಡಿ ಉಂಟಲ್ಲ?”

“ಇದ್ದದ್ದನ್ನು ಕೊಯ್ಯಿ ಉಮ್ಮರಾಕ.”

ಚೂರಿ ಹಿಮ್ಮಡಿಗೆ ಹೋಯಿತು. ಅಟ್ಟೆ ಬೇರೆಯಾಯಿತು. ಆಮೇಲೆ ಅಜ್ಜ, ಮಕ್ಕಳ ಸ್ವೆಟರ್ ತಲೆಯ ಮೇಲಿಂದ ಎಳೆದು ತೆಗೆಯುವ ಹಾಗೆ ತೊಗಲನ್ನು ಇಡಿಯಾಗಿ ಕಳಚಬೇಕೆಂದ. ಉಮ್ಮರಾಕ ಮೂತಿ ಹಿಡಿದರು, ಅಲೋಶಿಯಸ್ ಬಾಲದ ಕಡೆ ಹಿಡಿದ. ಚಪ್ಪಲಿಗೆ ಮೂತಿ ಯಾವುದು ಬಾಲ ಯಾವುದು ಎಂಬ ಬಗ್ಗೆ ಒಂದು ಸಣ್ಣ ಜಗಳವಾಗಿ, ಕೊನೆಗೆ ಬೆರಳಿರುವ ಕಡೆ ಮೂತಿ ಎಂದು ತೀರ್ಮಾನವಾಯಿತು. ‘ಪರ್ರ್’ ಎಂದು ಎಳೆದಾಗ ಅಲೋಶಿಯಸ್ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಬಿದ್ದ. ಆದರೆ ತೊಗಲು ಇಡಿಯಾಗಿ ಬಂದಿತ್ತು.

ಮುಂದೆ ಮೊಂಡು ಚೂರಿಯಿಂದ ಕೊಬ್ಬು ಹೆರೆಯುವ ಕೆಲಸ. ಚಪ್ಪಲಿಯಲ್ಲಿ ಕೊಬ್ಬಿರಲಿಲ್ಲ. ಕೊಬ್ಬಿಗಿಂತ ಕಷ್ಟದ ಗೋಂದು ಇತ್ತು. ಉಮ್ಮರಾಕ ನಾಲಿಗೆ ಹೊರಚಾಚಿ, ತೆಂಗಿನ ಕಾಯಿ ಹೆರೆಯುವ ಶ್ರದ್ಧೆಯಿಂದ ಹೆರೆದರು. ಹೆರೆಯುತ್ತ ಹೆರೆಯುತ್ತ ನಿಂತರು. ಬೆರಳಲ್ಲಿ ಒತ್ತಿ ನೋಡಿದರು.

“ಅಲೋಶಿಯಾ, ಇದು ಪ್ಲಾಸ್ಟಿಕ್ ಅಲ್ಲ ಮಾರಾಯ. ನಿಜವಾದ ತೊಗಲಿದ್ದ ಹಾಗೆ ಉಂಟು.”

“ಕೆನಡಾದ ಪ್ಲಾಸ್ಟಿಕ್ ಹಾಗೇ. ಬೇಗ ಹೆರೆ.”

ರೋಮ ಒಳಗೆ, ತೊಗಲು ಹೊರಗೆ ಮಾಡಿ ಹಲಗೆಗೆ ತೊಡಿಸಬೇಕೆಂದ ಅಜ್ಜ. ರೋಸಲಿಂಡಳ ಮೀನು ಕೊಯ್ಯುವ ಹಲಗೆ ಮೂತಿಯ ಕಡೆ ಕಿರಿದಾಗಿ ಹೇಳಿ ಮಾಡಿಸಿದಂತಿತ್ತು. ತೊಡಿಸಿ, ಅಂಚು ಎಳೆದು, ನೀಲಿ ಪಟ್ಟಿಯಿಂದ ಬಿಗಿದು ಚಿಟ್ಟೆಗಂಟು ಹಾಕಿದರು. “ಬಿಸಿಲು ತಾಗಬಾರದು, ಬೆಂಕಿ ತಾಗಬಾರದು, ತಣ್ಣಗೆ ಗಾಳಿಯಾಡುವಲ್ಲಿ ಒಣಗಬೇಕು” ಎಂದು ಹೇಳಿ ಅಜ್ಜ ತನ್ನ ಮಂಜಿನ ಕೆರೆಗೆ ಮರಳಿದ. ಒಮಾನಿನಲ್ಲಿ ಬಿಸಿಲು ತಾಗದ, ತಣ್ಣಗೆ ಗಾಳಿಯಾಡುವ ಜಾಗವೆಂದರೆ ಹಾಲಿನ ಎಸಿಯ ಬುಡ. ಹಲಗೆಯನ್ನು ಅಲ್ಲಿ ತೂಗುಹಾಕಿ, ಪರಿಮಳಕ್ಕೆಂದು ಅದರ ಕೆಳಗೆ ಸುಂಡಿಲಿಯ ಬೋನನ್ನು ಇಟ್ಟರು. ಸುಂಡಿಲಿ ತನ್ನಿಂದಾದ ಸೇವೆಯನ್ನು ಮನಸಾರೆ ಮಾಡಿತು.

ಪಕ್ಕದ ಬಾಲ್ಕನಿಯಿಂದ ಆಯಿಶತ್‌ಳ ಧ್ವನಿ ತೇಲಿ ಬಂತು. “ರೋಸೀ, ಇವತ್ತು ನಿಮ್ಮಲ್ಲಿ ಎಂತ ಫ್ರೈ? ಹಾಳಾಗಿದೆ ಅದು, ಬಿಸಾಡಿ!”

ಶಟರು ಏಳುವ ಹೊತ್ತಿಗೆ ತೊಗಲು ಹಪ್ಪಳದಂತೆ ಒಣಗಿತ್ತು. ಘಾಲಾಕ್ಕೆ ಹೋಗುವ ದಾರಿಯಲ್ಲಿ, ನೀರಿಲ್ಲದ ವಾದಿಯ, ಅಂದರೆ ಒಣ ಹಳ್ಳದ, ಬದಿಗೆ ಪಿಕಪ್ಪು ನಿಲ್ಲಿಸಿ, ಅಲೋಶಿಯಸ್ ಬೋನಿನ ಬಾಗಿಲು ಎತ್ತಿದ. ಸುಂಡಿಲಿ ಒಮ್ಮೆ ಹಿಂತಿರುಗಿ ನೋಡಿ, ಸಿಗಡಿ ಚಟ್ನಿಯ ಋಣ ತೀರಿತೆಂಬಂತೆ ಪೊದೆಯೊಳಗೆ ಓಡಿತು. ಅಲೋಶಿಯಸನ ಎದೆ ಹಗುರಾಯಿತು. ಇನ್ನು ಶೋರೂಮು, ಇನ್ನು ಗಾಜಿನ ಕಪಾಟು. ಕಾರಿಡಾರಿನಲ್ಲಿ ಅಂಗಿ ಬಿಚ್ಚುವ ದಿನಗಳು ಮುಗಿದವು.

ಗೋದಾಮಿನ ಆಫೀಸಿನಲ್ಲಿ ಖಲ್ಫಾನ್ ಬಿಳಿ ನಿಲುವಂಗಿ ದಿಶ್ದಾಶಾದಲ್ಲಿ ಕೂತಿದ್ದರು. ಎದುರಿಗೆ ಬುರೈಮಿಯ ಅತ್ತರು ಅಂಗಡಿಗಳ ಒಡತಿ ಶಮ್ಸಾ. ಅರಬ್ಬಿ ಕಾಫಿ ಖಾವಾ ಬಂದಿತ್ತು, ಖರ್ಜೂರ ಬಂದಿತ್ತು. ಬರಬೇಕಾದದ್ದು ಒಂದೇ ಬಾಕಿ.

“ಯಾ ಅಲೋಸ್! ತಯ್ಯಾರ್?”

“ತಯ್ಯಾರ್ ಅರ್ಬಾಬ್. ಪೂರಾ ಡ್ರೈ.”

ಅಲೋಶಿಯಸ್ ತಟ್ಟೆಯನ್ನು ಮೇಜಿನ ಮೇಲಿಟ್ಟು, ಮುಚ್ಚಿದ ಕರವಸ್ತ್ರವನ್ನು ಜಾದೂಗಾರನಂತೆ ಎತ್ತಿದ.

ಮೊದಲು ಬಂದದ್ದು ವಾಸನೆ. ಶಮ್ಸಾ ತಮ್ಮ ಕಪ್ಪು ಶಾಲನ್ನು ಮೂಗಿಗೆ ಎಳೆದುಕೊಂಡು ಕುರ್ಚಿಯ ಸಮೇತ ಹಿಂದಕ್ಕೆ ಹೋದರು. ಖಲ್ಫಾನ್ ಹಲಗೆಯನ್ನು ನೋಡಿದರು, ಹಲಗೆಗೆ ತೊಡಿಸಿದ ತೊಗಲನ್ನು ನೋಡಿದರು, ಅದರ ಸೊಂಟದಲ್ಲಿದ್ದ ನೀಲಿ ಚಿಟ್ಟೆಗಂಟನ್ನು ನೋಡಿದರು.

“ಅಲೋಸ್… ಯೇ ಕ್ಯಾ ಹೈ?”

“ಮಸ್ಕ್ ರ‍್ಯಾಟ್ ಅರ್ಬಾಬ್. ಪೆಲ್ಟ್.” ಅರ್ಬಾಬನಿಗೆ ಸುಲಭವಾಗಲೆಂದು ಅವನು ಪ್ರೀತಿಯಿಂದ ತಿದ್ದಿದ: “ಬೆಲ್ಟ್.”

ಖಲ್ಫಾನ್ ಬಾಯಿ ತೆರೆಯುವ ಮೊದಲೇ ಆಫೀಸಿನ ಬಾಗಿಲು ತೆರೆಯಿತು. ಬಾಗಿಲಲ್ಲಿ ರೋಸಲಿಂಡ್ ನಿಂತಿದ್ದಳು. ಕೈಯಲ್ಲಿ ಒಂಟಿ ಚಪ್ಪಲಿ. ಹಿಂದೆ ಸಾಕ್ಷಿಯಾಗಿ ಆಯಿಶತ್. ಎಚ್ಚರವಾಗಿ ಮಂಚದಿಂದ ಕಾಲು ಇಳಿಸಿದ ರೋಸಲಿಂಡಳಿಗೆ ಒಂದು ಕಾಲಿಗೆ ಬೆಕ್ಕೂ ಇನ್ನೊಂದಕ್ಕೆ ಬರೀ ಟೈಲ್ಸೂ ಸಿಕ್ಕಿತ್ತು. “ನಿನ್ನ ಗಂಡನೂ ನನ್ನ ಗಂಡನೂ ಸೇರಿ ಚಪ್ಪಲಿ ಸುಲೀತಿದ್ರು, ನಾನೇ ಕಣ್ಣಾರೆ ನೋಡಿದ್ದು” ಎಂದು ಆಯಿಶತ್ ಬಾಲ್ಕನಿಯಿಂದ ವರದಿ ಒಪ್ಪಿಸಿದ್ದಳು. ಇಬ್ಬರೂ ಟ್ಯಾಕ್ಸಿ ಹಿಡಿದಿದ್ದರು. ಹೊರಗೆ ಪಿಕಪ್ಪಿನಲ್ಲಿ ಕೂತಿದ್ದ ಉಮ್ಮರಾಕ ಹೆಂಡತಿಯನ್ನು ಕಂಡವರೇ ಬದನೆ ಚೀಲಗಳ ಮಧ್ಯೆ ಬದನೆಯಾಗಿ ಅಡಗಿದ್ದರು.

“ಜೆಜು ಮರಿ ಜುಜೆ!” ಎಂದು ಶಿಲುಬೆಯ ಗುರುತು ಮಾಡಿದಳು ರೋಸಲಿಂಡ್ ಮೇಜನ್ನು ನೋಡಿ. “ನನ್ನ ಚಪ್ಪಲಿ! ನನ್ನ ಮೀನಿನ ಹಲಗೆ!”

“ರೋಸೀ, ಮೆಲ್ಲ, ಮೆಲ್ಲ. ಅರ್ಬಾಬರೇ ಹೇಳಿದ್ದು. ಕೇಳು ಬೇಕಾದ್ರೆ.” ಅಲೋಶಿಯಸ್ ವಾಯ್ಸ್ ಮೆಸೇಜು ಒತ್ತಿದ. ಗಾಳಿ ಬೀಸಿತು, ಹಾರ್ನು ಹೊಡೆಯಿತು, ಲಾರಿ ಹಾದುಹೋಯಿತು. ಯಲ್ಲಾ ಎಂದು ಮುಗಿಯಿತು.

ರೋಸಲಿಂಡ್ ಗಂಡನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟು ಹೋಗಿ ಅದಕ್ಕಿಂತ ಕೆಟ್ಟದ್ದು, ಕನಿಕರ ಬಂದಿತ್ತು.

“ಅಲೋಶಿ, ಇದರಲ್ಲಿ ಇಲಿ ಎಲ್ಲುಂಟು? ‘ಮಸ್ಕತ್ ರಾತ್’ ಅಂತಿದ್ದಾರೆ ಅವರು. ರಾತ್ ಅಂದ್ರೆ ರಾತ್ರಿ. ಮಸ್ಕತ್ತಿನ ರಾತ್ರಿ. ಸೆಂಟಿನ ಹೆಸರು ಅದು! ಟ್ರ್ಯಾಪ್ ಅಲ್ಲ, ರ‍್ಯಾಪ್ ಮಾಡು, ಅಂದ್ರೆ ಕಾಗದ ಸುತ್ತು ಅಂದದ್ದು. ಬೆಲ್ಟ್ ಕಟ್ಟು, ಟ್ರೇಯಲ್ಲಿಡು. ಈ ನೀಲಿ ಪಟ್ಟಿಯೇ ಬೆಲ್ಟು, ಈ ತಟ್ಟೆಯೇ ಟ್ರೇ. ದಿನಾ ನನ್ನೊಟ್ಟಿಗೆ ಕೂತು ಹಿಂದಿ ಸೀರಿಯಲ್ ನೋಡು ಅಂತ ಎಷ್ಟು ಸಲ ಹೇಳಿದ್ದೇನೆ?”

“ಐವಾ!” ಎಂದು ಖಲ್ಫಾನ್ ಮೇಜು ಗುದ್ದಿದರು. “ಮಸ್ಕತ್ ರಾತ್! ರ‍್ಯಾಬ್! ಬೆಲ್ಟ್! ಟ್ರೇ! ಮೇಡಂ ಸಬ್ ಸಮಝ್ ಗಯಾ!”

ಜೀವಮಾನದಲ್ಲಿ ಅರ್ಬಾಬ್ ಒಂದೇ ಒಂದು ಸಲ ಸರಿಯಾದ ಬಕಾರ ಉಚ್ಚರಿಸಿದ್ದರು. ಅದನ್ನೂ ಅಲೋಶಿಯಸ್ ತಿದ್ದಿದ್ದ.

ಶಮ್ಸಾ ಎದ್ದು ಹೊರಡುವ ಸೂಚನೆ ಕಂಡಿತು. ಖಲ್ಫಾನರ ಮುಖ ಇಳಿಯಿತು. ಆಗ ರೋಸಲಿಂಡ್ ಮಾಡಿದ ಕೆಲಸ ಅಲೋಶಿಯಸನಿಗೆ ಮಾತ್ರವಲ್ಲ, ರೋಸಲಿಂಡಳಿಗೂ ಆಶ್ಚರ್ಯ ತಂದಿತು. ತಟ್ಟೆಯ ಮೇಲಿದ್ದದ್ದನ್ನು ಎತ್ತಿ ಗಂಡನ ಎದೆಗೆ ಒತ್ತಿ, “ಇದನ್ನೂ ನಿನ್ನನ್ನೂ ಹೊರಗೆ ತಕ್ಕೊಂಡು ಹೋಗು” ಎಂದಳು. ಕಿಟಕಿ ತೆರೆದಳು. ಕಾರ್ಟನಿನಿಂದ ಒಂದು ಬಾಟಲಿ ತೆಗೆದು, ಬಣ್ಣದ ಕಾಗದ ಸುತ್ತಿ, ಹೊಸ ನೀಲಿ ಪಟ್ಟಿ ಬಿಗಿದು, ಒರೆಸಿದ ತಟ್ಟೆಯಲ್ಲಿಟ್ಟಳು. ಇನ್ನೊಂದು ಬಾಟಲಿಯ ಮುಚ್ಚಳ ತೆಗೆದು ತನ್ನ ಪ್ರಸಿದ್ಧ ಮೂಗಿನ ಕೆಳಗೆ ಹಿಡಿದಳು.

“ಮದಾಮ್, ಗುಲಾಬ್ ಹೈ. ಗುಲಾಬ್ ಕೇ ಪೀಛೇ ಊದ್. ಔರ್…” ಅವಳು ಕಣ್ಣು ಮುಚ್ಚಿದಳು. “ಥೋಡಾ ಏಲಕ್ಕಿ. ಖಾವಾ ಮೇಂ ಡಾಲ್ತೇ ಹೈ ನಾ, ವೋ.”

ಖಲ್ಫಾನರ ಹುಬ್ಬು ಮೇಲೇರಿತು. ಏಲಕ್ಕಿಯ ಗುಟ್ಟು ಅವರಿಗೂ ಅತ್ತರು ಬೆರೆಸಿದವನಿಗೂ ಮಾತ್ರ ಗೊತ್ತಿತ್ತು. ಶಮ್ಸಾ ಶಾಲು ಸರಿಸಿ ಮಣಿಕಟ್ಟು ಚಾಚಿದರು. ಮೂಸಿದರು. ಮತ್ತೆ ಮೂಸಿದರು. ನಕ್ಕರು. “ಅಂಥಾ ವಾಸನೆಯ ನಂತರ ಇಂಥಾ ಪರಿಮಳ!” ಎಂದು ಅರಬ್ಬಿಯಲ್ಲಿ ಹೇಳಿ, ಬುರೈಮಿಯ ತಮ್ಮ ಎಲ್ಲ ಅಂಗಡಿಗಳಿಗೂ ಮಸ್ಕತ್ ರಾತ್ ಕಳುಹಿಸಲು ಒಪ್ಪಿದರು. ಆ ಒಣ ಹಲಗೆಯೂ ಮಾರಾಟದ ಉಪಾಯವೇ ಎಂದು ಅವರು ನಂಬಿದಂತಿತ್ತು. ಖಲ್ಫಾನ್ ಆ ನಂಬಿಕೆಯನ್ನು ಕೆಡಿಸಲು ಹೋಗಲಿಲ್ಲ.

ಗೆಸ್ಟ್ ಹ್ಯಾಪಿ. ಬಾಗಿಲ ಹೊರಗೆ ಹಲಗೆ ಅಪ್ಪಿಕೊಂಡು ನಿಂತಿದ್ದ ಅಲೋಶಿಯಸನ ಎದೆಯಲ್ಲಿ ಮತ್ತೆ ಆಸೆ ಚಿಗುರಿತು. ಎಷ್ಟೆಂದರೂ ಮಾತು ಮಾತೇ. ಅವನು ತಲೆ ಒಳಗೆ ಹಾಕಿದ. “ಅರ್ಬಾಬ್… ಶೋರೂಮ್?”

“ಶೋರೂಮ್! ಐವಾ!” ಖಲ್ಫಾನ್ ಎದ್ದು ನಿಂತು, ಕೈ ಚಾಚಿ, ಅಲೋಶಿಯಸನನ್ನು ದಾಟಿ, ರೋಸಲಿಂಡಳ ಮುಂದೆ ನಿಂತರು. “ಮೇಡಂ, ಸಂಡೇ ಸೇ ಶೋರೂಮ್. ಕಾನ್ ಭೀ ಅಚ್ಛಾ, ನಾಕ್ ಭೀ ಅಚ್ಛಾ. ಬೇಬರ್ ಸಬ್ ಹಮಾರಾ ಬಿಆರ್‌ಒ ಕರೇಗಾ. ನೋ ಬ್ರಾಬ್ಲಂ!” ವೀಸಾದ ಪೇಪರುಗಳನ್ನೆಲ್ಲ ಕಂಪೆನಿಯ ಪಿಆರ್‌ಒ ನೋಡಿಕೊಳ್ಳುತ್ತಾನೆ ಎಂದರ್ಥ.

“ಔರ್ ಮೈಂ, ಅರ್ಬಾಬ್?”

ಗೋದಾಮಿನ ಕತ್ತಲೆಯಿಂದ, ಕಾರ್ಟನುಗಳ ಹಿಂದಿನಿಂದ, ‘ಚಿಕ್ ಚಿಕ್’ ಎಂಬ ಸದ್ದು ಕೇಳಿಸಿತು. ವಾದಿಗೆ ಬಿಟ್ಟದ್ದು ಗಂಡನೋ ಹೆಂಡತಿಯೋ, ಅಂತೂ ಮನೆಯವರು ಯಾರೋ ಇಲ್ಲಿ ಉಳಿದುಕೊಂಡಿದ್ದರು. ಖಲ್ಫಾನ್ ಆ ಕಡೆ ಬೆರಳು ತೋರಿಸಿ ಅಲೋಶಿಯಸನ ಭುಜ ತಟ್ಟಿದರು. “ತುಮ್ ಎಕ್ಸ್‌ಬರ್ಟ್.”

ಆ ಸಂಜೆ ಮನೆಯಲ್ಲಿ ಹಬ್ಬ. ರೋಸಲಿಂಡ್ ಅಂಜಲ್ ಹುರಿದಳು. ಹಲಗೆ ಹೋದದ್ದರಿಂದ ಮೀನನ್ನು ಆಯಿಶತ್‌ಳ ಮನೆಯಲ್ಲಿ ಕೊಯ್ದದ್ದು. ಉಮ್ಮರಾಕನಿಗೆ ಊದಿನ ಬಾಟಲಿ ಸಿಗಲಿಲ್ಲ, ಆದರೆ ಒಂದು ತುಂಡು ಮೀನೂ ಹೆಂಡತಿಯಿಂದ ಅರ್ಧ ಕ್ಷಮೆಯೂ ಸಿಕ್ಕಿತು. ಅಲೋಶಿಯಸ್ ಎಂದಿನಂತೆ ಕಾರಿಡಾರಿನಲ್ಲಿ ಬರೀ ಬನಿಯನ್ನಿನಲ್ಲಿ ನಿಂತಿದ್ದ.

“ರೋಸೀ, ಇವತ್ತಾದರೂ ಒಳಗೆ ಬಿಡು.”

“ಸೋಪು ಹಾಕಿ ಸ್ನಾನ ಮಾಡಿ ಬಾ. ನನ್ನ ಮೂಗು ಈಗ ಕಂಪೆನಿಯದ್ದು, ಹಾಳು ಮಾಡುವ ಹಾಗಿಲ್ಲ.” ಆದರೆ ಬಾಗಿಲು ಇಂದು ಮೂಗಿಗಿಂತ ಅಗಲ ತೆರೆದಿತ್ತು, ಅವಳು ನಗುತ್ತಿದ್ದಳು. “ಬೇಜಾರು ಮಾಡಬೇಡ ಅಲೋಶಿ. ನಾನೊಮ್ಮೆ ಅಲ್ಲಿ ಕೂತೆನೆಂದರೆ ಅರ್ಬಾಬರ ಹತ್ತಿರ ಹೇಳಿ ನಿನ್ನನ್ನೂ ಮೆಲ್ಲ ಎಳ್ಕೊಳ್ತೇನೆ. ಶೋರೂಮಿಗೆ ಗ್ಲಾಸ್ ಒರೆಸುವವರು ಬೇಕೇ ಬೇಕು.”

ಸ್ನಾನ ಮುಗಿಸಿ, ಗುಲಾಬಿಯಂತೆ ಅಲ್ಲದಿದ್ದರೂ ಮನುಷ್ಯನಂತೆ ಪರಿಮಳಿಸುತ್ತ ಅಲೋಶಿಯಸ್ ಹಾಲಿಗೆ ಬಂದಾಗ ರೋಸಲಿಂಡ್ ಒಂಟಿ ಚಪ್ಪಲಿ ತೊಟ್ಟು, ಫೋನು ಹಿಡಿದು ಕೂತಿದ್ದಳು. ಸುಲಿದ ಚಪ್ಪಲಿಯ ಫೋಟೋವನ್ನು ಅಕ್ಕನಿಗೆ ಕಳುಹಿಸಿದ್ದಳಂತೆ. ಕೆನಡಾದಿಂದ ವಾಯ್ಸ್ ಮೆಸೇಜು ಬಂದಿತ್ತು. ಒತ್ತಿದಳು. ಗಾಳಿಯಿಲ್ಲ, ಹಾರ್ನಿಲ್ಲ, ಜೋಸ್ಲಿನಳ ಸ್ವರ ಹಾಲಿನ ಮಧ್ಯೆ ನಿಂತು ಮಾತಾಡಿದಷ್ಟು ಸ್ಪಷ್ಟ.

“ರೋಸೀ! ಎಂತ ಅವಸ್ಥೆಯೇ ಇದು! ಅದು ಒರಿಜಿನಲ್ ಮಸ್ಕ್ ರ‍್ಯಾಟ್ ಗೊತ್ತುಂಟಾ ನಿನಗೆ? ಇಲ್ಲಿನವರು ಚಳಿಯಲ್ಲಿ ಕೆರೆಗೆ ಹೋಗಿ ಬೋನಿಟ್ಟು ಹಿಡಿದು, ಸುಲಿದು, ಹಲಗೆಗೆ ತೊಡಿಸಿ ಒಣಗಿಸಿ ಮಾಡಿದ್ದು. ಅದನ್ನು ಮತ್ತೆ ಬಿಚ್ಚಿ ಹಲಗೆಗೆ ತೊಡಿಸಿದ ಪುಣ್ಯಾತ್ಮ ಯಾರು?”

ರೋಸಲಿಂಡ್ ಬಾಯಿ ತೆರೆದುಕೊಂಡು ಗಂಡನನ್ನು ನೋಡಿದಳು. ಇಡೀ ಒಮಾನಿನಲ್ಲಿ ಇದ್ದ ಒಂದೇ ಒಂದು ಜೊತೆ ಅಸಲಿ ಮಸ್ಕ್ ರ‍್ಯಾಟ್ ಇಷ್ಟು ದಿನ ಅವರ ಮಂಚದ ಬುಡದಲ್ಲಿತ್ತು!

ಅಲೋಶಿಯಸ್ ಮಾತ್ರ ನಿಧಾನವಾಗಿ ತಲೆಯಾಡಿಸಿದ. ಇವತ್ತು ಕಲಿತ ಪಾಠವನ್ನು ಅವನು ಜನ್ಮದಲ್ಲಿ ಮರೆಯುವವನಲ್ಲ. ಟವೆಲು ಹೆಗಲ ಮೇಲೆ ಹಾಕಿಕೊಂಡು, ದುಭಾಷಿಯ ಗತ್ತಿನಿಂದ ಹೇಳಿದ:

“ನಿನ್ನ ಅಕ್ಕನ ಕಿವಿಯೂ ನನ್ನ ಹಾಗೇ. ಅದು ಮಸ್ಕ್ ರ‍್ಯಾಟ್ ಅಲ್ಲ, ಮಸ್ಕತ್ ರಾತ್ ಅಂತ ಅವಳಿಗೆ ಸರಿಯಾಗಿ ಹೇಳು.”

ಉಳಿದಿದ್ದ ಒಂಟಿ ಮಸ್ಕ್ ರ‍್ಯಾಟ್ ರೋಸಲಿಂಡಳ ಕಾಲಿನಿಂದ ಕೈಗೆ ಬಂತು, ಕೈಯಿಂದ ಗಾಳಿಗೆ ಹಾರಿತು, ಮೆತ್ತಗೆ ಬಂದು ಅಲೋಶಿಯಸನ ಬೆನ್ನಿಗೆ ತಗುಲಿತು. ಅದು ಪೆಲ್ಟೋ ಬೆಲ್ಟೋ ಎಂಬ ಅನುಮಾನ ಈ ಸಲ ಅವನಿಗೆ ಬರಲಿಲ್ಲ. ಅದು ಪೆಟ್ಟು.